ನಾಳದ ಒಳಪದರಕ್ಕೆ ಬರುವ ಮುಪ್ಪು

ವಯಸ್ಸಾದಂತೆ ಬಿ.ಪಿ. ಏರುವುದು ಸಹಜವೆಂದೇ ಬಹುಕಾಲ ನಂಬಿದ್ದರು. ಹಳೆಯ ರಬ್ಬರ್ ಕೊಳವೆಯಂತೆ ರಕ್ತನಾಳವೂ ಬಿರುಸಾಗುತ್ತದೆ ಎಂಬ ಎಣಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉಳಿದರ್ಧ ಹೊಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ಮೇಲೆ ನಡೆಸಿದ ಪ್ರಯೋಗದಲ್ಲಿ. ಅಸಿಟೈಲ್‌ಕೋಲಿನ್ ಹಾಕಿದಾಗ ನಾಳದ ತುಂಡು ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲುತ್ತಿತ್ತು. ವ್ಯತ್ಯಾಸವಿದ್ದದ್ದು ಔಷಧದಲ್ಲಲ್ಲ, ತುಂಡನ್ನು ಅಣಿಮಾಡುವ ಕೈಯಲ್ಲಿ. ಒಳಮೈಯನ್ನು ತುಸು ಉಜ್ಜಿದರೂ ಒಂದೇ ಜೀವಕೋಶದಷ್ಟು ದಪ್ಪದ ಪದರ ಕಿತ್ತುಬಂದು, ಸಡಿಲುವ ಗುಣವೇ ಹೋಗಿಬಿಡುತ್ತಿತ್ತು. 1980ರಲ್ಲಿ ಅವರೂ ಜಾನ್ ಜವಾಡ್ಸ್ಕಿಯೂ ಇದನ್ನು ಪ್ರಕಟಿಸಿದರು. ಆ ಪದರ ಸೂಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು 1987ರಲ್ಲಿ ಸಾಲ್ವಡೋರ್ ಮೊಂಕಾಡ ಮತ್ತು ಲೂಯಿಸ್ ಇಗ್ನಾರೊ ಅವರ ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ ಸಂದಿತು. ಮೊಂಕಾಡರನ್ನು ಬಿಟ್ಟದ್ದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಮೊಲದ ನಾಳದಿಂದ ಮನುಷ್ಯನ ಬಿ.ಪಿ.ಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1990ರಲ್ಲಿ ಹುಲಿಯೊ ಪಾನ್ಸಾ ಮತ್ತು ಸಂಗಡಿಗರು ರೋಗಿಗಳ ಮುಂಗೈ ನಾಳಕ್ಕೆ ಅಸಿಟೈಲ್‌ಕೋಲಿನ್ ಕೊಟ್ಟು ನೋಡಿದರು. ಆರೋಗ್ಯವಂತರಲ್ಲಿ ಹರಿವು ಏರಿದಷ್ಟು ಬಿ.ಪಿ. ಇದ್ದವರಲ್ಲಿ ಏರಲಿಲ್ಲ. ಒಳಪದರದ ನೆರವಿಲ್ಲದೆ ಸ್ನಾಯುವನ್ನು ನೇರವಾಗಿ ಸಡಿಲಿಸುವ ನೈಟ್ರೋಪ್ರಸೈಡ್ ಕೊಟ್ಟಾಗ ಇಬ್ಬರ ನಾಳಗಳೂ ಒಂದೇ ಬಗೆಯಲ್ಲಿ ಹಿಗ್ಗಿದವು. ಅಂದರೆ ಸ್ನಾಯು ನೆಟ್ಟಗಿದೆ, ಅದಕ್ಕೆ ಸಂದೇಶ ಕೊಡುವ ಪದರ ಸೋತಿದೆ. ಒತ್ತಡವೇ ಪದರವನ್ನು ಕೆಡಿಸಿರಬಾರದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಳಪದರದಲ್ಲಿ ಈ ಅನಿಲ ತಯಾರಿಸುವ ಕಿಣ್ವದ ಜೀನ್ ತೆಗೆದ ಇಲಿಗಳಲ್ಲಿ ರಕ್ತದೊತ್ತಡ ಏರಿದ್ದನ್ನು 1995ರಲ್ಲಿ ಕಂಡರು. ಅದೇ ವರ್ಷ ಇಟಲಿಯ ಪೀಸಾದಲ್ಲಿ ಸ್ಟೆಫಾನೊ ತದ್ದೆಯಿ ಮತ್ತು ಸಂಗಡಿಗರು, ಬಿ.ಪಿ. ಇಲ್ಲದವರಲ್ಲಿಯೂ ವಯಸ್ಸಿನೊಂದಿಗೆ ನಾಳವನ್ನು ಸಡಿಲಿಸುವ ಒಳಪದರದ ಶಕ್ತಿ ಕುಗ್ಗುತ್ತದೆಂದು ತೋರಿಸಿದರು. ಹಾಗಾಗಿ ಒತ್ತಡವೊಂದನ್ನೇ ದೂರುವಂತಿಲ್ಲ. ಕೆಡುಕು ಎರಡೂ ಕಡೆಯಿಂದ ಒಂದನ್ನೊಂದು ಬೆಳೆಸುತ್ತದೆ, ಬಿ.ಪಿ. ಇದ್ದವರ ನಾಳ ವಯಸ್ಸಿಗೆ ಮುಂಚೆಯೇ ಮುಪ್ಪಾಗುತ್ತದೆ.

ಕೊರತೆಯಿದ್ದರೆ ತುಂಬಿಸಿದರಾಯಿತಲ್ಲ ಎಂಬ ತರ್ಕದಿಂದಲೇ ಆರ್ಜಿನೈನ್ ಪುಡಿಗಳು ಅಂಗಡಿಗೆ ಬಂದವು. ಕಿಣ್ವಕ್ಕೆ ಕಚ್ಚಾವಸ್ತು ಅದೇ ತಾನೆ. ಇಲ್ಲಿಯೇ ತರ್ಕ ಎಡವುವುದು. ಹೃದಯಾಘಾತವಾದವರಿಗೆ ಆರ್ಜಿನೈನ್ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ ಅದನ್ನು ತೆಗೆದುಕೊಂಡ ಆರು ಮಂದಿ ತೀರಿಕೊಂಡರು, ಹುಸಿಮದ್ದು ಪಡೆದವರಲ್ಲಿ ಒಬ್ಬರೂ ಇಲ್ಲ. 2006ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮುಪ್ಪಿನ ನಾಳದಲ್ಲಿ ಸಾಮಾನ್ಯವಾಗಿ ಕಡಿಮೆಯಾಗಿರುವುದು ಕಚ್ಚಾವಸ್ತುವಲ್ಲ. ಹುಟ್ಟಿದ ಅನಿಲವನ್ನು ಆಮ್ಲಜನಕದ ಚುರುಕು ರೂಪವಾದ ಸೂಪರ್‌ಆಕ್ಸೈಡ್ ಕ್ಷಣದಲ್ಲೇ ನುಂಗುತ್ತದೆ; ಹದ ತಪ್ಪಿದ ಕಿಣ್ವವಂತೂ ಅನಿಲದ ಬದಲು ಆ ಸೂಪರ್‌ಆಕ್ಸೈಡನ್ನೇ ತಯಾರಿಸತೊಡಗುತ್ತದೆ. ಹಾಗಾದರೆ ಬೀಟ್‌ರೂಟ್ ರಸ ಬಿ.ಪಿ. ಇಳಿಸುವುದು ಹೇಗೆ ಎಂದು ಕೇಳಬಹುದು. ಅದು ಆ ಕಿಣ್ವದ ಗೊಡವೆಗೇ ಹೋಗುವುದಿಲ್ಲ. ಅದರ ನೈಟ್ರೇಟ್ ಜೊಲ್ಲಿಗೆ ಸೇರಿ, ನಾಲಿಗೆಯ ಬ್ಯಾಕ್ಟೀರಿಯಾಗಳಿಂದ ನೈಟ್ರೈಟ್ ಆಗಿ, ಅಲ್ಲಿಂದ ಮುಂದೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬಳಸಿದರೆ ಈ ದಾರಿ ಬಾಯಲ್ಲೇ ಮುಚ್ಚುತ್ತದೆ.