ನಾಳೆಯೂ ಎದುರಾಗುವವರ ಆಟ

ಪೋಕರ್ ಹುಟ್ಟಿ ಬೆಳೆದದ್ದು ಮರ್ಯಾದಸ್ಥರ ನಡುವೆ ಅಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ನ್ಯೂ ಆರ್ಲಿಯನ್ಸ್ ಆಸುಪಾಸಿನಲ್ಲಿ 20 ಎಲೆಗಳ ಇಸ್ಪೀಟಾಟವಾಗಿ ಶುರುವಾದ ಅದು ಮಿಸಿಸಿಪ್ಪಿ ನದಿಯ ಉಗಿಹಡಗುಗಳನ್ನೇರಿ ಊರೂರಿಗೆ ಹರಡಿತು. ಜೋ ಕೋವೆಲ್ ಎಂಬ ಇಂಗ್ಲಿಷ್ ನಟ 1829ರಲ್ಲಿ ಅಂಥ ಹಡಗೊಂದರಲ್ಲಿ ಕಂಡ ಆಟವನ್ನು 1844ರಲ್ಲಿ ಅಚ್ಚಾದ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಮಂಜು ಕವಿದ ರಾತ್ರಿ ಹಡಗು ಎಲ್ಲೋ ಬಡಿದು ಪ್ರಯಾಣಿಕರೆಲ್ಲ ಗಾಬರಿಬಿದ್ದು ಎದ್ದರೆ, ಹಸಿರು ಕನ್ನಡಕದ ಒಬ್ಬ ಆಸಾಮಿ ಮಾತ್ರ ಇಸ್ಪೀಟಿನ ಕಟ್ಟು ಬಿಡದೆ ಕೂತಿದ್ದ. ಗಲಾಟೆ ತಣ್ಣಗಾಗಿ ಎಲ್ಲರೂ ಮತ್ತೆ ಮೇಜಿಗೆ ಬಂದಾಗ ಅವನು ಹಂಚಿದ್ದು ಮೊದಲೇ ಜೋಡಿಸಿಟ್ಟಿದ್ದ ಎಲೆಗಳನ್ನು. ಆದರೆ ಲೆಕ್ಕ ತಪ್ಪಿ, ತನಗೆಂದು ಇಟ್ಟುಕೊಂಡ ಕೈ ಇನ್ನೊಬ್ಬನ ಪಾಲಾಯಿತು. ಕೋವೆಲ್‌ನ ಬರಹದಲ್ಲಿ ಈ ಮೋಸದ ಬಗ್ಗೆ ಸಿಟ್ಟಿಗಿಂತ ತಮಾಷೆಯೇ ಹೆಚ್ಚು; ಹಡಗಿನ ಆಟವೆಂದರೆ ಹೀಗೇ ಎಂಬ ಧಾಟಿ. ಎಲ್ಲರಿಗೂ ಅದು ತಮಾಷೆಯಾಗಿರಲಿಲ್ಲ: 1835ರ ಜುಲೈನಲ್ಲಿ ಅದೇ ನದಿಯ ದಂಡೆಯ ವಿಕ್ಸ್‌ಬರ್ಗ್ ಊರಿನವರು ಐವರು ಜೂಜುಕೋರರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕಿದರು. ಅದರಿಂದಲೂ ಕಸುಬು ನಿಲ್ಲಲಿಲ್ಲ. ಜಾರ್ಜ್ ಡಿವೋಲ್ ಎಂಬಾತ ನದಿಯ ಮೇಲಿನ ತನ್ನ ನಲವತ್ತು ವರ್ಷಗಳ ವಂಚನೆಗಳನ್ನು 1887ರಲ್ಲಿ ಪುಸ್ತಕ ಮಾಡಿ, ಹೆಮ್ಮೆಯಿಂದಲೇ ಹೇಳಿಕೊಂಡ.

ಹೀಗೆ ಶುರುವಾದ ಆಟದಲ್ಲಿ ಇಂದು ಇಷ್ಟೊಂದು ಶಿಷ್ಟಾಚಾರ ಹೇಗೆ ಬಂತು? ಸರದಿ ಮೀರಿ ಎಲೆ ಬಿಸಾಡಬಾರದು, ಇನ್ನೊಬ್ಬನ ಕೈ ಬಗ್ಗೆ ಮಾತಾಡಬಾರದು, ಗೆದ್ದ ಚಿಪ್‌ಗಳನ್ನು ಗುಟ್ಟಾಗಿ ಜೇಬಿಗಿಳಿಸಬಾರದು, ಸೋತವನನ್ನು ಹಂಗಿಸಬಾರದು. ಕಳ್ಳರು ಹೋಗಿ ಸಭ್ಯರು ಬಂದರು, ಮೇಜು ಶುದ್ಧವಾಯಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ನನಗೆ ಇದು ಒಪ್ಪಿಗೆಯಿಲ್ಲ. ಬದಲಾದದ್ದು ಜನರ ಗುಣವಲ್ಲ, ಅವರು ಮತ್ತೆ ಭೇಟಿಯಾಗುವ ಸಂಭವ. ಹಡಗಿನಲ್ಲಿ ಎದುರು ಕೂತವನು ಮುಂದಿನ ಕಟ್ಟೆಯಲ್ಲಿ ಇಳಿದುಹೋಗುತ್ತಿದ್ದ. ಅವನ ಸಿಟ್ಟಿಗೆ ಬೆಲೆಯಿರಲಿಲ್ಲ. ದಿನವೂ ಅದೇ ಮುಖಗಳು ಅದೇ ಮೇಜಿಗೆ ಬರತೊಡಗಿದಾಗ ನಡತೆಯೂ ಆಟದ ಲೆಕ್ಕದೊಳಕ್ಕೆ ಸೇರಿತು. ಗಣಿತಜ್ಞ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ 1944ರ ತಮ್ಮ ಹೆಸರಾಂತ ಗ್ರಂಥದಲ್ಲಿ ಬ್ಲಫ್, ಅಂದರೆ ಕೆಟ್ಟ ಕೈಯನ್ನು ಒಳ್ಳೆಯದೆಂದು ನಂಬಿಸುವುದು, ಯಾಕೆ ಅಗತ್ಯವೆಂದು ಗಣಿತದಿಂದ ತೋರಿಸಿದರು. ಆದರೆ ಅವರ ಪೋಕರ್‌ನಲ್ಲಿ ಇಬ್ಬರೇ ಆಟಗಾರರು, ನಾಳೆ ಎಂಬುದು ಇಲ್ಲ.

ಆ ನಾಳೆಯನ್ನು ಕಾಣಬೇಕಾದರೆ ಲಾಸ್ ಏಂಜಲಿಸ್ ಪಕ್ಕದ ಗಾರ್ಡೀನಾಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ನಿಷೇಧಿತ ಆಟಗಳ ಪಟ್ಟಿ ಇತ್ತು. ಕೈಯಲ್ಲಿನ ಎಲೆ ಬದಲಿಸಿಕೊಳ್ಳಬಹುದಾದ ‘ಡ್ರಾ’ ಪೋಕರ್ ಅದರಲ್ಲಿ ಇರಲಿಲ್ಲ. ಹಾಗಾಗಿ ಬೇಕೋ ಬೇಡವೋ ಎಂಬ ತೀರ್ಮಾನ ಊರುಗಳ ಪಾಲಿಗೆ ಬಂತು. ಸ್ಟ್ರಾಬೆರಿ ಹೊಲಗಳಿಗೆ ಹೆಸರಾಗಿದ್ದ ಗಾರ್ಡೀನಾ ಬೇಕು ಎಂದಿತು. 1936ರಲ್ಲಿ ಮೊದಲ ಕ್ಲಬ್ ಬಾಗಿಲು ತೆರೆಯಿತು, ಮುಂದೆ ಅವು ಆರಾದವು. ಕ್ಲಬ್ಬಿನವರು ಪಣದಲ್ಲಿ ಪಾಲು ಕೇಳುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಪ್ರತಿ ಕುರ್ಚಿಯಿಂದ ಬಾಡಿಗೆ ಎತ್ತುತ್ತಿದ್ದರು. ಎಲೆ ಹಂಚಲು ಕ್ಲಬ್ಬಿನ ನೌಕರನಿರಲಿಲ್ಲ, ಆಟಗಾರರೇ ಸರದಿಯಂತೆ ಹಂಚಬೇಕು. ನಿವೃತ್ತರು, ವಿಧವೆಯರು, ಪಾಳಿ ಮುಗಿಸಿ ಬಂದವರು, ಇದನ್ನೇ ಕಸುಬು ಮಾಡಿಕೊಂಡ ಕೆಲವರು, ಮೇಜು ಖಾಲಿ ಬೀಳದಂತೆ ಕ್ಲಬ್ ಸಂಬಳ ಕೊಟ್ಟು ಕೂರಿಸಿದ ‘ಪ್ರಾಪ್’ಗಳು, ಇವರೇ ಅಲ್ಲಿನ ಕಾಯಂ ಜನ. ಅವರ ನಡುವೆ ತಾನೂ ಆಡುತ್ತಾ ಡೇವಿಡ್ ಹಯಾನೊ ಎಂಬ ಮಾನವಶಾಸ್ತ್ರಜ್ಞ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಈ ಬಾಡಿಗೆ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಡಿಯಾರ ಓಡಿದಷ್ಟೂ ಎಲ್ಲರ ಚಿಪ್ ಕರಗುತ್ತದೆ. ಒಬ್ಬ ಎಲೆ ಹಿಡಿದು ಸುಮ್ಮನೆ ಯೋಚಿಸುತ್ತ ಕೂತರೆ, ಹಂಚುವ ಸರದಿ ಬಂದಾಗ ಹರಟೆ ಹೊಡೆದರೆ, ಅವನು ಕಳೆಯುವುದು ಬರೀ ಸಮಯವಲ್ಲ, ಉಳಿದವರ ದುಡ್ಡು. ಚುರುಕಾಗಿ ಆಡುವುದು ಅಲ್ಲಿ ದೊಡ್ಡ ಸಭ್ಯತೆಯಾದದ್ದು ಹೀಗೆ. ಇನ್ನೊಂದು ನಿಯಮ ಇದಕ್ಕಿಂತ ಸ್ವಾರಸ್ಯದ್ದು. ಎಲ್ಲಕ್ಕಿಂತ ಕೆಳಗಿನ ಕೈ ಗೆಲ್ಲುವ ‘ಲೋಬಾಲ್’ ಆಟದಲ್ಲಿ ಏಳೇ ಅತಿ ದೊಡ್ಡ ಎಲೆಯಾದ ಕೈ ಅಥವಾ ಅದಕ್ಕಿಂತ ಒಳ್ಳೆಯ ಕೈ ಬಂದವನು, ಎಲೆ ಬದಲಿಸಿದ ಮೇಲೆ ಪಣ ಕಟ್ಟಲೇಬೇಕು. ಬಡವನಂತೆ ನಟಿಸಿ, ಪಣ ಕಟ್ಟದೆ ‘ಚೆಕ್’ ಎಂದು ಸರದಿ ದಾಟಿಸಿ ಹೊಂಚು ಹಾಕಿದರೆ, ಆಮೇಲೆ ಮೇಜಿಗೆ ಬಿದ್ದ ಪಣದ ಮೇಲೆ ಅವನಿಗೆ ಹಕ್ಕಿಲ್ಲ. ಸುಳ್ಳು ಹೇಳುವುದೇ ಅರ್ಧ ಆಟವಾದ ಪೋಕರ್‌ನಲ್ಲಿ ಒಂದು ಜಾತಿಯ ಸುಳ್ಳಿಗೆ ಮಾತ್ರ ದಂಡ! ಕೆಟ್ಟ ಕೈ ಹಿಡಿದು ಧೈರ್ಯ ತೋರಬಹುದು, ಒಳ್ಳೆಯ ಕೈ ಹಿಡಿದು ದೈನ್ಯ ತೋರಬಾರದು. ಡೇವಿಡ್ ಸ್ಕ್ಲಾನ್‌ಸ್ಕಿಯಂಥ ಪೋಕರ್ ತಂತ್ರಗಾರರು ಚೆಕ್ ಮಾಡಿ ಆಮೇಲೆ ರೈಸ್ ಮಾಡುವುದನ್ನು, ಅಂದರೆ ಪಣ ಏರಿಸುವುದನ್ನು, ಆಟಗಾರನ ಮುಖ್ಯ ಆಯುಧಗಳಲ್ಲಿ ಎಣಿಸುತ್ತಾರೆ. ತರ್ಕಕ್ಕೆ ಅದು ಸರಿಯೇ. ಆದರೆ ಇಡೀ ಮೇಜು ಹೊಂಚು ಹಾಕತೊಡಗಿದರೆ ಯಾರೂ ಪಣ ಕಟ್ಟುವುದಿಲ್ಲ, ಆಟ ಮೊಳಕಾಲುದ್ದ ಕೆಸರಿನಲ್ಲಿ ಸಿಕ್ಕ ಗಾಡಿಯಂತಾಗುತ್ತದೆ, ಬಾಡಿಗೆ ಮಾತ್ರ ಏರುತ್ತಿರುತ್ತದೆ.

ಮತ್ತೆ ಭೇಟಿಯಾಗುವುದೇ ಶಿಸ್ತು ತಂದಿತು ಎಂಬ ನನ್ನ ವಾದಕ್ಕೆ ಒಂದು ತಕರಾರು ಇದೆ, ತಳ್ಳಿಹಾಕುವಂಥದ್ದಲ್ಲ. ಶಿಸ್ತು ತಂದದ್ದು ಕಾಯಂ ಜನರಲ್ಲ, ಕ್ಲಬ್ಬಿನ ಮಾಲೀಕರು. ಊರಿನ ಮತದಾರರು ಎಂದಾದರೂ ಬಾಗಿಲು ಹಾಕಿಸಬಹುದು ಎಂಬ ಭಯದಲ್ಲಿ ಅವರೇ ಮೇಜುಗಳ ಮೇಲೆ ಕಣ್ಣಿಟ್ಟಿದ್ದರು ಎಂದು. ನಿಜ, ಕ್ಲಬ್ಬುಗಳನ್ನು ಮುಚ್ಚಿಸಲು ಗಾರ್ಡೀನಾದಲ್ಲಿ ಮತ್ತೆ ಮತ್ತೆ ಮತದಾನವಾಯಿತು. ಎಲೆಗೆ ಗುರುತು ಹಾಕುವವನನ್ನು ಕ್ಲಬ್ಬಿನವನು ಹಿಡಿದು ಹೊರಗಟ್ಟಬಲ್ಲ. ಆದರೆ ಗೆಳೆಯನ ಎದುರು ರೈಸ್ ಮಾಡದೆ ಬಿಟ್ಟವನನ್ನು ಹಿಡಿಯುವುದು ಹೇಗೆ? ಅವನು ಮಾಡಿದ್ದೇನೂ ಇಲ್ಲ, ಮಾಡದೆ ಉಳಿದದ್ದಷ್ಟೇ. ಅದು ಗೊತ್ತಾಗುವುದು ತಿಂಗಳುಗಟ್ಟಲೆ ಅವನೊಂದಿಗೆ ಕೂತವರಿಗೆ ಮಾತ್ರ.

ಇಲ್ಲಿ ನನ್ನ ವಾದವೇ ನನಗೆ ತಿರುಗಿಬೀಳುತ್ತದೆ. ಮತ್ತೆ ಭೇಟಿಯಾಗುವ ಸಂಭವ ಹಳೆಯ ಮೋಸವನ್ನು ಓಡಿಸಿತು ನಿಜ. ಆದರೆ ಹೊಸದೊಂದನ್ನು ಕರೆತಂದಿತು. ಬಾಡಿಗೆ ಕೊಡುತ್ತ ತಮ್ಮತಮ್ಮಲ್ಲೇ ಆಡಿದರೆ ಕಾಯಂ ಜನರೆಲ್ಲ ಸೇರಿ ಕ್ಲಬ್ಬಿಗೆ ಸೋಲುತ್ತಾರೆ. ಅವರು ಉಳಿಯಬೇಕಾದರೆ ಹೊರಗಿನಿಂದ ಸೋಲುವವನು ಬೇಕು. ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಹೊಸಬನನ್ನು ಹಿಂಡುವ ಆಸೆ ಅಲ್ಲಿಂದಲೇ ಹುಟ್ಟುತ್ತದೆ, ಒಪ್ಪಂದದ ಮಾತೂ ಬೇಕಿಲ್ಲ. ಸೋತವನನ್ನು ಗೇಲಿ ಮಾಡಬೇಡ, ಅವನ ತಪ್ಪು ತಿದ್ದಬೇಡ ಎಂಬ ಉಪದೇಶವೂ ಆಗ ಬೇರೆಯೇ ಕೇಳಿಸುತ್ತದೆ: ಇದು ದಾಕ್ಷಿಣ್ಯವೋ, ಗಾಳಕ್ಕೆ ಸಿಕ್ಕಿಸಿದ ಎರೆಯೋ? ಎರಡೂ ಹೌದು ಎನ್ನಬೇಕಾಗುತ್ತದೆ. ಎರೆ ಎಂಬ ಕಾರಣಕ್ಕೆ ಅದನ್ನು ಬರೀ ಕಪಟ ಎನ್ನಲಾರೆ. ಅಂಗಡಿಯವನು ಗಿರಾಕಿಯ ಹತ್ತಿರ ನಯವಾಗಿ ಮಾತಾಡುವುದೂ ಲಾಭಕ್ಕೇ, ಆದರೂ ಆ ನಯ ಗಿರಾಕಿಗೆ ಸಿಕ್ಕೇ ಸಿಗುತ್ತದೆ. ಗೆಳೆಯನಿಗೆ ಬಿಟ್ಟುಕೊಡುವ ಆಟಕ್ಕೆ ಮಾತ್ರ ಈ ರಿಯಾಯಿತಿ ಸಲ್ಲದು. ಹೊಸಬ ತಾನು ಒಬ್ಬೊಬ್ಬರೊಂದಿಗೆ ಆಡುತ್ತಿದ್ದೇನೆಂದು ನಂಬಿ ದುಡ್ಡಿಟ್ಟಿರುತ್ತಾನೆ. ಹಸಿರು ಕನ್ನಡಕದವನಿಗೂ ಇವರಿಗೂ ಆಗ ವ್ಯತ್ಯಾಸ ಬಹಳವಿಲ್ಲ.

ನಮ್ಮ ನ್ಯಾಯಾಲಯಗಳೂ ಇಸ್ಪೀಟಿನ ಮೇಜಿಗೆ ಬಂದಿವೆ, ಬೇರೆ ಬಾಗಿಲಿನಿಂದ. ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಂತಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಎಲೆಗಳ ನೆನಪನ್ನು ಕಾನೂನು ಗುರುತಿಸಿತು. ಎದುರಿಗೆ ಕೂತವನು ಹೋದ ತಿಂಗಳು ಹೇಗೆ ನಡೆದುಕೊಂಡ ಎಂಬ ನೆನಪು ಅದರ ತಕ್ಕಡಿಗೆ ಬರಲಿಲ್ಲ, ಬರಬೇಕೆಂದೂ ಇಲ್ಲ.

ಮತ್ತೆ ಗಾರ್ಡೀನಾದ ಕಡೆಗೆ ಬಂದರೆ, 1980ರ ದಶಕದಲ್ಲಿ ಲಾಸ್ ಏಂಜಲಿಸ್ ಆಸುಪಾಸಿನ ಕಾಮರ್ಸ್ ಮತ್ತು ಬೆಲ್ ಗಾರ್ಡನ್ಸ್‌ನಲ್ಲಿ ಭಾರೀ ಕ್ಲಬ್ಬುಗಳು ಎದ್ದವು. 1987ರಲ್ಲಿ ಹೋಲ್ಡೆಮ್ ಎಂಬ ಇನ್ನೊಂದು ಬಗೆಯ ಪೋಕರ್ ಕ್ಯಾಲಿಫೋರ್ನಿಯಾದ ಕ್ಲಬ್ಬುಗಳಿಗೆ ಬಂತು. ಎಲೆ ಹಂಚುವವರು ಕ್ಲಬ್ಬಿನ ನೌಕರರಾದರು. ಗಾರ್ಡೀನಾದ ಹಳೆಯ ಕ್ಲಬ್ಬುಗಳು ಒಂದೊಂದೇ ಮುಚ್ಚಿದವು. 2001ರಲ್ಲಿ ಪೋಕರ್ ಟೂರ್ನಮೆಂಟ್ ನಿರ್ದೇಶಕರ ಸಂಘ ಹುಟ್ಟಿ, ಬಾಯಿಮಾತಿನಲ್ಲಿದ್ದ ಎಷ್ಟೋ ಕಟ್ಟಳೆಗಳು ಅಚ್ಚಿನ ನಿಯಮಗಳಾದವು. ಗೆಳೆಯನಿಗೆ ಬಿಟ್ಟುಕೊಡುವುದಕ್ಕೂ ಈಗ ದಂಡವಿದೆ. ಆದರೆ ಗೆಲ್ಲುವ ಕೈ ಹಿಡಿದೂ ಎದುರಾಳಿ ಗೆದ್ದೆನೆಂದು ಹಿಗ್ಗುವತನಕ ಕಾದು, ಆಮೇಲೆ ಒಂದೊಂದೇ ಎಲೆ ಬಿಚ್ಚುವ ‘ಸ್ಲೋ ರೋಲ್’ ಮೋಸವಲ್ಲ. ಅಂಥವನಿಗೂ ಪಣ ಪೂರ್ತಿ ಸಿಗುತ್ತದೆ. ಮರುದಿನ ಅವನು ಬಂದು ಕೂತಾಗ ಮೇಜಿನಲ್ಲಿ ಯಾರೂ ಅವನನ್ನು ಮಾತಾಡಿಸುವುದಿಲ್ಲ.