ಗುಟ್ಟು ಬಿಡದೆ ಗುಣ ಹೇಳಿದ ಕಡತ

ಯಳವತ್ತಿಯಿಂದ ಈ ಸಂಚಿಕೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಅದರ ಡಿಶ್ ಎತ್ತಿನ ಗಾಡಿಯಲ್ಲಿ ಹೋಯ್ತು ಅನ್ನೋದು ಎಲ್ಲಾರೂ ಹೇಳೋ ಕಥೆ. ಚಿಪ್ಪಿನ ಕಾಲು ದಾಟಿದ ಮೇಲೆ ಸಿಗ್ನಲ್ಲಿಗೆ ಏನಾಗ್ತದ ಅಂತ ಯಾರೂ ಹೇಳಂಗಿಲ್ಲ.

ಸಿಗ್ನಲ್ ಹೊರಗೆ ತಳ್ಳೋದು, ಒಳಗೆ ತಗೊಳ್ಳೋದು ಬಫರಿನ ಕೆಲಸ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸ್ ತಂತ್ರಾಂಶ ಅದನ್ನ ಒಂದೊಂದು ಟ್ರಾನ್ಸಿಸ್ಟರ್ ಹಿಡಿದು ಲೆಕ್ಕ ಹಾಕ್ತದ. ಆ ವಿವರ ಕೊಟ್ರ ಕಂಪನಿಯ ಗುಟ್ಟು ಬಯಲು. ಕೊಡದಿದ್ರ ಬೋರ್ಡ್ ಮಾಡೋರು ಅಂದಾಜಿನ ಮ್ಯಾಲೆ ಗೆರೆ ಎಳೀಬೇಕು.

1992ರ ಪಿಸಿಐ ಬಸ್ಸಿನಾಗ ಅಂದಾಜು ನಡೀತಿರಲಿಲ್ಲ. ಅಲ್ಲಿ ಬಫರ್ ಸುಮಾರು ಅರ್ಧ ಮಟ್ಟದ ಅಲೆ ಕಳಿಸ್ತದ. ಅದು ತುದಿಗೆ ಬಡಿದು ತಿರುಗಿದಾಗ ಪೂರ್ತಿ ಮಟ್ಟ ಮುಟ್ಟತದ, ಮುಚ್ಚಿದ ತೂಬಿಗೆ ಬಡಿದ ಕಾಲುವೆ ನೀರು ಏರಿದಂಗ. ಬಫರಿನ ಬಲ ಗೊತ್ತಿಲ್ಲದೆ ಇದರ ಲೆಕ್ಕ ಹತ್ತಂಗಿಲ್ಲ.

1993ರಲ್ಲಿ ಇಂಟೆಲ್ ಮುಂದಾಗಿ ಐಬಿಸ್ ತಂತು. ಬರೀ ಅಕ್ಷರ, ಅಂಕಿಗಳ ಕಡತ: ಎಷ್ಟು ವೋಲ್ಟಿಗೆ ಎಷ್ಟು ಕರೆಂಟು, ಎಷ್ಟು ಬೇಗ ಏರಿಳಿತದ, ಮಿತಿ ಮೀರಿದ ವೋಲ್ಟೇಜನ್ನ ಡಯೋಡು ಹೆಂಗ ತಡೀತದ. ಸಾಮಾನ್ಯ, ಕನಿಷ್ಠ, ಗರಿಷ್ಠ ಅಂತ ಮೂರು ಕಾಲಮ್ಮು. ಒಳಗಿನ ಸರ್ಕ್ಯೂಟು ಮಾತ್ರ ಇಲ್ಲ. ಬಿಕಾಂ ಓದಿದ ನನಗ ಇದು ಕಿರ್ದಿ ತೋರಿಸದೆ ಕೊಟ್ಟ ಬ್ಯಾಲೆನ್ಸ್ ಶೀಟು!

1995ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಮಾನದಂಡ ಆತು. ಪೈಪೋಟಿ ಕಂಪನಿಗಳು ಒಂದೇ ನಮೂನೆಗೆ ಒಪ್ಪಿದ್ದು ನನಗಂತೂ ಕೋಷ್ಟಕಕ್ಕಿಂತ ದೊಡ್ಡ ಸುದ್ದಿ.