ನೀಲಿಮುದ್ರಣ ಮತ್ತು ಶಿಲಾಸ್ಮಾರಕಗಳ ದಾಖಲೆ

ಕಟ್ಟಡದ ಯೋಜನೆಯನ್ನು ನಾವು ‘ನೀಲನಕ್ಷೆ’ ಎಂದು ಕರೆಯುತ್ತೇವೆ. ಈ ಹೆಸರಿನ ಮೂಲವು ಒಂದು ಛಾಯಾಮುದ್ರಣ ಪದ್ಧತಿಯಲ್ಲಿದೆ. ಆಂಗ್ಲ ವಿಜ್ಞಾನಿ ಸರ್ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯಾನೊಟೈಪ್ ಪದ್ಧತಿಯೇ ಅದು. ಇದರಲ್ಲಿ ಬೆಳ್ಳಿಯ ಲವಣಗಳು ಬೇಕಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೆ ಹಚ್ಚಿ, ಕತ್ತಲೆಯಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೊಡ್ಡಬೇಕು. ಬಳಿಕ ನೀರಿನಲ್ಲಿ ತೊಳೆದರೆ ಬಿಸಿಲು ತಾಗಿದೆಡೆ ನೀಲವರ್ಣವು ನಿಲ್ಲುತ್ತದೆ. ಈ ಕಾಗದವು ಬೆಳಕಿಗೆ ಬಹು ನಿಧಾನವಾಗಿ ಸ್ಪಂದಿಸುವುದರಿಂದ ಕ್ಯಾಮೆರಾದೊಳಗೆ ಪ್ರಯೋಜನಕಾರಿಯಲ್ಲ. ಪ್ರತಿಗಳನ್ನು ತೆಗೆಯುವುದೇ ಇದರ ನಿಜವಾದ ಕ್ಷೇತ್ರ.

ನಮ್ಮ ನಾಡಿನ ಶಿಲಾಸ್ಮಾರಕಗಳು ಛಾಯಾಚಿತ್ರಕ್ಕೆ ವಿಷಯವಾದದ್ದು ಈಚಿನ ಮಾತಲ್ಲ. ಮುಂಬಯಿ ಸರಕಾರವು ನಿಯೋಜಿಸಿದ ಸೇನಾಧಿಕಾರಿ ಥಾಮಸ್ ಬಿಗ್ಸ್ 1855ರಲ್ಲಿ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. ಅವನ ತರುವಾಯ ವೈದ್ಯ ಪಿಗೌ ಆ ಕಾರ್ಯವನ್ನು ಮುಂದುವರಿಸಿದನು. ಇವರಿಬ್ಬರ ಮತ್ತು ನೀಲ್ ಎಂಬವನ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪ ತಾಳಿದವು. 1878ರಲ್ಲಿ ಫ್ಲೀಟರು ಹೊರತಂದ ಶಾಸನ ಸಂಪುಟಕ್ಕೂ ಛಾಯಾಚಿತ್ರಗಳೇ ಆಧಾರವಾದವು. ಶಿಲ್ಪಸೌಂದರ್ಯಕ್ಕೆಂದು ಬಂದ ಕ್ಯಾಮೆರಾ ಹೀಗೆ ಲಿಪಿಶಾಸ್ತ್ರಕ್ಕೂ ನೆರವಾಯಿತು.

1948ರವರೆಗೆ ಸಂಸ್ಥಾನಗಳಾಗಿದ್ದ ಜಮಖಂಡಿ, ಮುಧೋಳಗಳ ಪ್ರಾಂತಕ್ಕೆ ಐಹೊಳೆ, ಬಾದಾಮಿಗಳಿಗೆ ಸಂದಷ್ಟು ಗಮನ ಸಲ್ಲಲಿಲ್ಲ. ಆದರೆ ಇಲ್ಲಿಯ ಸಾಮಗ್ರಿ ಅಲ್ಪವಲ್ಲ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದ ಶಾಸನವು ಮಾಂಡಲಿಕ ಗೊಂಕನು ನೇಮಿನಾಥ ಬಸದಿಯನ್ನು ಕಟ್ಟಿಸಿದ್ದನ್ನು ತಿಳಿಸುತ್ತದೆ. ಅದರ ಮೊದಲ ಭಾಗದ ಕಾಲ ಕ್ರಿ. ಶ. 1123. ಅದೇ ಶತಮಾನದ ಮುಂದಿನ ದಾನಗಳೂ ಆ ಕಲ್ಲಿನಲ್ಲೇ ಸೇರಿವೆ. ಅಕ್ಷರಗಳು ಎಲ್ಲಿ ಮಾರ್ಪಟ್ಟಿವೆ ಎಂಬುದನ್ನು ಅಚ್ಚಿನ ಪಾಠವು ತೋರಿಸಲಾರದು; ಓರೆಬಿಸಿಲಿನಲ್ಲಿ ತೆಗೆದ ಚಿತ್ರವು ತೋರಿಸಬಲ್ಲದು. ಬೀಳಗಿಯ ಕಡೆ ಅವಸರವು ಇನ್ನೂ ಹೆಚ್ಚಿನದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಆ ತಾಲ್ಲೂಕಿನ ಹಲವು ಹಳ್ಳಿಗಳು ಸ್ಥಳಾಂತರಗೊಂಡವು. ಊರು ಎದ್ದುಹೋದಾಗ ವೀರಗಲ್ಲು ತನ್ನ ನೆಲೆಯನ್ನೂ, ತನ್ನ ಕಥೆಯನ್ನು ಬಲ್ಲ ಜನರನ್ನೂ ಕಳೆದುಕೊಳ್ಳುತ್ತದೆ.

ಇಂದು ಚಿತ್ರ ತೆಗೆಯುವುದು ಸುಲಭ. ಅದು ಬಾಳುವಂತೆ ಮಾಡುವುದು ಕಷ್ಟ. ಅಂಕೀಯ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ನೆಗೆಟಿವ್ ಆಗಿ ಮುದ್ರಿಸಿದರೆ, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅಂಗಳದ ಬಿಸಿಲಿನಲ್ಲೇ ನೀಲಿಪ್ರತಿಗಳನ್ನು ಸಿದ್ಧಪಡಿಸಬಹುದು. ಆದರೆ ಎರಡು ಮಿತಿಗಳನ್ನು ಮರೆಯಲಾಗದು. ಕ್ಷಾರವು ಈ ನೀಲಿಗೆ ಶತ್ರು. ಸುಣ್ಣದ ಗೋಡೆಗೆ ತಾಗಿಸಿ ಪ್ರತಿಗಳನ್ನು ಇಡಬಾರದು. ಎರಡನೆಯದು, ಎಲ್ಲ ಶಿಲೆಯೂ ಇಲ್ಲಿ ನೀಲಿಯಾಗಿಯೇ ಕಾಣುವುದರಿಂದ ಕಲ್ಲಿನ ಜಾತಿ, ಬಣ್ಣ, ಅಳತೆ, ದಿಕ್ಕು, ದಿನಾಂಕಗಳನ್ನು ಪ್ರತಿಯ ಹಿಂಬದಿಯಲ್ಲಿ ಬರೆಯಬೇಕು. ಆ ಬರಹವಿಲ್ಲದ ಪ್ರತಿಯು ನೋಟಕ್ಕೆ ಚೆಲುವಾದೀತು, ಇತಿಹಾಸಕ್ಕೆ ಆಧಾರವಾಗದು.